ಸೂಜಿಯ ನಿದ್ದೆ, ಗಾಳಿಯ ನಿದ್ದೆ

ಗೋರೆಗಾಂವ್
8 ಜನವರಿ 2024

ಅಕ್ಕನವರಿಗೆ ನಾಗರತ್ನಾಳ ಶರಣು.

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆಯಲು ಹೊರಟಿದ್ದೆ. ಪಕ್ಕದಲ್ಲಿ ಕೂತ ನಿಮ್ಮ ತಮ್ಮ ಬಿಡಲಿಲ್ಲ. "ಅಕ್ಕಗ ಕಿವಿ ಅಷ್ಟ ಕೇಳಂಗಿಲ್ಲ, ತಲಿ ಭೇಷ್ ಐತಿ. ಖರೇ ಬರಿ" ಎಂದರು. ಫೋನಿನಲ್ಲಿ ನಿಮಗೆ ಏನೂ ಕೇಳಿಸದಿರುವುದು ಇವತ್ತು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ದೀಪಾವಳಿಯಿಂದ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಪಿತ್ತ ಎಂದು ಶುಂಠಿ ಜಗಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಹೋದ ತಿಂಗಳು ಫಿಲ್ಮ್ ಸಿಟಿಯಲ್ಲಿ ಯಾವುದೋ ರಾಜನ ಅರಮನೆಯ ಸೆಟ್ಟು ಕಟ್ಟುವಾಗ, ಪ್ಲೈವುಡ್ ಹೊತ್ತು ಏಣಿ ಏರಿದವರು ಅಲ್ಲೇ ಕುಸಿದು ಕೂತರಂತೆ. ಜೊತೆಯ ಬಡಗಿ ಶಿವಪುತ್ರಪ್ಪ ರಿಕ್ಷಾದಲ್ಲಿ ಹಾಕಿಕೊಂಡು ಬಂದ. ದಾದರ್ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ತಪಾಸಣೆ ಮಾಡಿದರು. ಹೃದಯಕ್ಕೆ ರಕ್ತ ಕೊಡುವ ಮೂರು ನಾಳ ಕಟ್ಟಿವೆ, ಹೃದಯದ ಬಲವೂ ಕುಗ್ಗಿದೆ. ಎದೆ ತೆರೆದು, ಕಾಲಿನ ನಾಳ ತೆಗೆದು ಅಲ್ಲಿ ಜೋಡಿಸುತ್ತಾರಂತೆ. ಮಾಡಿಸದಿದ್ದರೆ ವರ್ಷ ದಾಟುವುದು ಕಷ್ಟ ಎಂದಿದ್ದಾರೆ, ಅಕ್ಕಾ.

ಇನ್ನೊಂದು ವಿಷಯ ಕೇಳಬೇಕಿತ್ತು. ಆಪರೇಷನ್ನಿಗೆ ಮೊದಲು ನಿದ್ದೆ ಬರಿಸುವ ಡಾಕ್ಟರ್ ಒಬ್ಬಳಿದ್ದಾಳೆ, ಯಕ್ಷಿತಾ ಎಂದು. ಅವಳ ಅಪ್ಪ ಉಡುಪಿ ಕಡೆಯಿಂದ ಬಂದು ಅಂಧೇರಿಯಲ್ಲಿ ಹೋಟೆಲ್ ಇಟ್ಟವರು. ಮನೆಮಾತು ತುಳು, ಕನ್ನಡ ಕುಂಟುತ್ತ ಬರುತ್ತದೆ. ಆದರೂ ನಮಗಾಗಿ ಕನ್ನಡದಲ್ಲೇ ಹೇಳಿದಳು. ಆಪರೇಷನ್ ಮುಗಿಯುವವರೆಗೆ ನಿದ್ದೆಯಲ್ಲಿಡಲು ಎರಡು ದಾರಿ ಇವೆಯಂತೆ. ಒಂದು, ಸೂಜಿಯಿಂದ ನರಕ್ಕೆ ಔಷಧಿ ಹರಿಸುತ್ತಲೇ ಇರುವುದು. ಇನ್ನೊಂದು, ಉಸಿರಿನ ಜೊತೆ ಗ್ಯಾಸ್ ಕೊಡುವುದು. ಎರಡೂ ಎಷ್ಟೋ ವರ್ಷದಿಂದ ನಡೆದುಬಂದಿವೆ. ಹೃದಯದ ರೋಗಿಗೆ ಯಾವುದು ಮೇಲು ಎನ್ನುವುದರಲ್ಲಿ ಡಾಕ್ಟರರಲ್ಲೇ ಒಮ್ಮತವಿಲ್ಲ. ಅದಕ್ಕಾಗಿ ಒಂದು ಅಧ್ಯಯನ ಮಾಡುತ್ತಿದ್ದಾರೆ. ಸೇರಿದವರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಸೇರಲೇಬೇಕು ಎಂದೇನೂ ಇಲ್ಲ.

"ನಿಮಗಾದ್ರೂ ಯಾವುದು ಚಲೋ ಅನಸ್ತದ?" ಎಂದು ನಾನು ಕೇಳಿದೆ. "ನಮಗೂ ಗೊತ್ತಿಲ್ಲ ಆಂಟಿ, ಸಚ್ಚಿ. ಅದಕ್ಕೇ ಸ್ಟಡಿ ಮಾಡೋದು" ಎಂದಳು.

ನನಗೆ ಆ ಮಾತು ಸರಿಬರಲಿಲ್ಲ. ನಿಮ್ಮ ತಮ್ಮನಿಗೆ ಮಾತ್ರ ಆ ಹುಡುಗಿ ಹಿಡಿಸಿಬಿಟ್ಟಿದ್ದಾಳೆ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ತಾನು ಈ ಊರಲ್ಲಿ ಇವತ್ತೇ ನೋಡಿದ್ದು, ಅವಳನ್ನು ನಂಬಬಹುದು ಎನ್ನುತ್ತಾರೆ. ನಿಮ್ಮನ್ನು ಕೇಳದೆ ಸಹಿ ಹಾಕಬೇಡಿ ಎಂದು ನಾನು ತಡೆದಿದ್ದೇನೆ. ಬೇಗ ಬರೆಯಿರಿ.

ನಿಮ್ಮ
ನಾಗರತ್ನಾ

ಇಂಡಿ
16 ಜನವರಿ 2024

ನಾಗರತ್ನಾ,

ದೀಪಾವಳಿಯಿಂದ ಉಸಿರು ಸಾಲದಿದ್ದರೆ ಸಂಕ್ರಮಣಕ್ಕೆ ನನಗೆ ತಿಳಿಸುತ್ತೀರಿ. ಇಬ್ಬರಿಗೂ ಕಪಾಳಕ್ಕೆ ಕೊಡಬೇಕು. ಈಶ್ವರನಿಗೆ ಹೇಳು, ಅವ್ವ ಹೋದಾಗ ಅವನಿಗೆ ನಾಲ್ಕು ವರ್ಷ, ನನ್ನ ಸೀರೆಯ ಸೆರಗು ಹಿಡಿದೇ ಬೆಳೆದವನು. ಈಗ ಮೀಸೆ ನರೆತಿದೆ ಎಂದು ನನ್ನಿಂದ ಮುಚ್ಚಿಡುವಷ್ಟು ದೊಡ್ಡವನಾದನೇ ಎಂದು ಕೇಳು.

ಆ ಹುಡುಗಿಯ ಮಾತು ಓದಿ ಮೊದಲು ಸಿಟ್ಟು ಬಂತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಗೊತ್ತಿಲ್ಲ ಎಂದು ಎಂದೂ ಕರಿಹಲಗೆಯ ಮುಂದೆ ನಿಂತವಳಲ್ಲ. ಆಮೇಲೆ ಯೋಚಿಸಿದೆ. ಡಾಕ್ಟರರಿಗೇ ಗೊತ್ತಿಲ್ಲ ಎಂದ ಮೇಲೆ ಗೊತ್ತಿರುವವನನ್ನು ಕೇಳುವುದೇ ಸರಿ. ಸೋಮವಾರ ತಲೆಸ್ನಾನ ಮಾಡಿ ಬಸವಣ್ಣನ ಗುಡಿಗೆ ಹೋಗಿ ಹೂ ಕೇಳಿದೆ.

ಪೂಜಾರಿ ಸಂಗಪ್ಪನಿಗೆ ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು. ಹೆಣ್ಣು ತರಬೇಕೋ ಬೇಡವೋ, ಬೋರು ಎಲ್ಲಿ ಹೊಡೆಸಬೇಕು ಎಂದು ಕೇಳುತ್ತಾರೆ, ಇಂಥದ್ದನ್ನು ಯಾರೂ ಕೇಳಿಲ್ಲ ಎಂದ. ಗ್ಯಾಸ್ ಎಂದರೆ ಒಲೆಯದೋ ಎಂದ. ಅವನ ತುಟಿ ನೋಡಿಯೇ ಉತ್ತರ ಕೊಟ್ಟೆ. ಕೊನೆಗೆ ಬಸವಣ್ಣನ ಬಲಕ್ಕೊಂದು, ಎಡಕ್ಕೊಂದು ಹೂ ಒದ್ದೆ ಮಾಡಿ ಅಂಟಿಸಿದ. ಬಲದ್ದು ಬಿದ್ದರೆ ಸೂಜಿ, ಎಡದ್ದು ಬಿದ್ದರೆ ಗ್ಯಾಸ್. ಕಣ್ಣು ಪಿಳುಕಿಸದೆ ನಿಂತಿದ್ದೆ. ಬಲದ ಹೂ ಬಿತ್ತು. ಎಡದ್ದು ಅಲುಗಾಡಲಿಲ್ಲ.

ಆದ್ದರಿಂದ ಸೂಜಿ. ಆ ಹುಡುಗಿಗೆ ಹೋಗಿ ಹೇಳು. ಕಂಪ್ಯೂಟರ್ ಚೀಟಿ ಎತ್ತಬಹುದಾದರೆ ಬಸವಣ್ಣ ಎತ್ತಿದರೆ ತಪ್ಪೇನು? ಅವನಿಗೆ ಈಶ್ವರನ ಪರಿಚಯವಾದರೂ ಇದೆ.

ನಾನೂ ಬರುತ್ತೇನೆ. ಬೇಡ ಎಂದು ಬರೆಯಬೇಡ.

ಶಿವಕುಮಾರಿ

ಗೋರೆಗಾಂವ್
27 ಜನವರಿ 2024

ಅಕ್ಕನವರಿಗೆ ಶರಣು.

ನಿಮ್ಮ ಪತ್ರ ಓದಿ ಹೇಳಿದೆ. ಕಪಾಳದ ಮಾತಿಗೆ ತುಂಬ ನಕ್ಕರು, ನಕ್ಕು ದಮ್ಮು ಹತ್ತಿ ನೀರು ಕುಡಿದರು. ಡಾಕ್ಟರಿಗೆ ಹೂವಿನ ವಿಷಯ ತಿಳಿಸಿದ್ದೇವೆ. ಸೂಜಿಯೇ ಆಯಿತು, ನೀವು ನಿಶ್ಚಿಂತೆಯಿಂದ ಇರಿ.

ಫೆಬ್ರವರಿ ಹನ್ನೆರಡಕ್ಕೆ ಆಪರೇಷನ್. ಈಗಲೇ ಬರಬೇಡಿರೆಂದು ಕೈಮುಗಿದು ಬರೆಯಲು ಹೇಳಿದ್ದಾರೆ. ಇಲ್ಲಿ ಖೋಲಿ ಸಣ್ಣದು, ಆಸ್ಪತ್ರೆಯಲ್ಲಿ ಒಬ್ಬರನ್ನೇ ಒಳಗೆ ಬಿಡುತ್ತಾರೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಹಿಂದಿನಿಂದ ಕೂಗಿದರೆ ನಿಮಗೆ ಕೇಳಿಸುವುದಿಲ್ಲ. ಅವರು ಮನೆಗೆ ಬಂದ ಮೇಲೆ ಬನ್ನಿ. ತಾವು ಕಟ್ಟಿದ ಅರಮನೆಯಲ್ಲಿ ನಿಮ್ಮನ್ನು ಸಿಂಹಾಸನದ ಮೇಲೆ ಕೂರಿಸಿ, ಪ್ಲೈವುಡ್ಡು ಮುರಿಯುವುದರೊಳಗೆ ಫೋಟೋ ತೆಗೆಸುತ್ತಾರಂತೆ.

ಏನಿದ್ದರೂ ನಿಮ್ಮ ಪಕ್ಕದ ಮನೆಯ ಹನುಮವ್ವನ ಫೋನಿಗೆ ತಿಳಿಸುತ್ತೇನೆ. ಊಟ ಬಿಡಬೇಡಿ.

ನಿಮ್ಮ
ನಾಗರತ್ನಾ

ಇಂಡಿ
18 ಮಾರ್ಚ್ 2024

ನಾಗರತ್ನಾ,

ನೀನು ಇಲ್ಲಿಂದ ಹೋಗಿ ಇಷ್ಟು ದಿನವಾದರೂ ಒಂದು ಸಾಲು ಬರೆದಿಲ್ಲ. ಬರೆಯುತ್ತೀ ಎಂದು ಕಾಯುವುದನ್ನು ಬಿಟ್ಟು ನಾನೇ ಬರೆಯುತ್ತಿದ್ದೇನೆ.

ಅವತ್ತು ಹನುಮವ್ವ ಫೋನ್ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಬಾಯಿ ಆಡಿಸಲಿಲ್ಲ. ನನಗೆ ತಿಳಿಯಿತು. ಆಪರೇಷನ್ ಆಗಿದೆ, ಇನ್ನೂ ಯಂತ್ರದ ಮೇಲೆ ಇದ್ದಾನೆ ಎಂದು ಅದಕ್ಕೆ ಮೊದಲಿನ ಎರಡು ದಿನ ಹೇಳುತ್ತಿದ್ದಳು. ಯಂತ್ರದಿಂದ ಇಳಿಸಿದಾಗ ಹೃದಯ ತಾನಾಗಿ ಬಡಿಯಲಿಲ್ಲ ಎಂದು ಆಮೇಲೆ ಯಾರೋ ಚೀಟಿಯಲ್ಲಿ ಬರೆದು ತೋರಿಸಿದರು.

ಊರಿಗೆ ತಂದು ಮಣ್ಣು ಮಾಡಿದ ದಿನ ನೀನು ಒಂದು ಗೋಡೆಗೆ, ನಾನು ಒಂದು ಗೋಡೆಗೆ ಕೂತಿದ್ದೆವು. ಊರಿನವರೆಲ್ಲ ಅತ್ತರು. ನಾನು ನಿನ್ನ ಕಡೆ ತಿರುಗಲಿಲ್ಲ. ಅದನ್ನು ನೀನು ಏನೆಂದು ತಿಳಿದೆಯೋ ಗೊತ್ತಿಲ್ಲ. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕಾರ್ಯ ಮುಗಿದ ಮರುದಿನ ನೀನು ಚೀಲ ಎತ್ತಿಕೊಂಡು ಕಾಲಿಗೆ ಬಿದ್ದು ಹೊರಟೆ. ನಿಲ್ಲು ಎನ್ನಲಿಲ್ಲ ನಾನು. ಯಾವ ಬಾಯಿಂದ ಹೇಳಲಿ?

ಸೂಜಿ ಎಂದವಳು ನಾನು. ಡಾಕ್ಟರರು ಚೀಟಿ ಎತ್ತುತ್ತೇವೆ ಎಂದಿದ್ದರು, ಅಡ್ಡ ಹೋಗಿ ಸೂಜಿಯೇ ಕೊಡಿ ಎಂದು ಹಟ ಹಿಡಿದವಳು ನಾನು. ಗ್ಯಾಸಿನಿಂದ ಮಲಗಿದ್ದರೆ ಎದ್ದು ಬರುತ್ತಿದ್ದನೋ ಏನೋ. ಸುಮ್ಮನಿದ್ದರೆ ಆಗುತ್ತಿತ್ತು. ನಿನ್ನ ಮೌನದ ಅರ್ಥ ನನಗೆ ಆಗುತ್ತದೆ ನಾಗರತ್ನಾ. ನಿನ್ನ ಜಾಗದಲ್ಲಿ ನಾನಿದ್ದರೂ ಬರೆಯುತ್ತಿರಲಿಲ್ಲ.

ಶಿವಕುಮಾರಿ

ಗೋರೆಗಾಂವ್
4 ಏಪ್ರಿಲ್ 2024

ಅಕ್ಕನವರಿಗೆ ಶರಣು.

ಹಾಗೆಲ್ಲ ಅಂದುಕೊಳ್ಳಬೇಡಿ. ಅವರ ಹೃದಯ ಮೊದಲೇ ಸೋತಿತ್ತು. ನನಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲ. ಸೂಜಿಯ ಮಾತು ಇನ್ನು ಬೇಡ.

ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅಂಧೇರಿಯ ಅದೇ ಆಫೀಸು, ಅದೇ ನೆಲ ಒರೆಸುವುದು. ಅಲ್ಲಿಯವರು ಒಳ್ಳೆಯವರು, ಏನೂ ಕೇಳುವುದಿಲ್ಲ. ಶಿವಪುತ್ರಪ್ಪ ಬಂದು ಅವರ ಕೆಲಸದ ಸಾಮಾನಿನ ಚೀಲ ಕೊಟ್ಟುಹೋದ. ಉಳಿ, ಗರಗಸ ಎಲ್ಲ ಎಣ್ಣೆ ಹಚ್ಚಿ ತಂದಿದ್ದ. ಅವರು ಕಟ್ಟಿದ ಅರಮನೆಯನ್ನು ಬಿಚ್ಚಿದ್ದಾಯಿತಂತೆ, ಈಗ ಅಲ್ಲೇ ಒಂದು ಪೊಲೀಸ್ ಠಾಣೆ ಕಟ್ಟುತ್ತಿದ್ದಾರೆ.

ಬಿಸಿಲು ಹೆಚ್ಚಾಗಿದೆ ಎಂದು ಕೇಳಿದೆ. ಹೊರಗೆ ಹೋಗುವಾಗ ತಲೆಗೆ ಸೆರಗು ಹೊದ್ದುಕೊಳ್ಳಿ.

ನಾಗರತ್ನಾ

ಇಂಡಿ
10 ಜೂನ್ 2024

ನಾಗರತ್ನಾ,

ಸೂಜಿಯ ಮಾತು ಬೇಡ ಎಂದು ಬರೆದೆ. ಆ ಒಂದು ಸಾಲನ್ನೇ ಎರಡು ತಿಂಗಳು ಓದಿದೆ. ಸಿಟ್ಟಿಲ್ಲದವರು ಹಾಗೆ ಬರೆಯುವುದಿಲ್ಲ.

ಗುಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಮನೆಯಲ್ಲೂ ದೀಪ ಹಚ್ಚುವುದಿಲ್ಲ. ಸಂಗಪ್ಪ ಎರಡು ಸಲ ಬಾಗಿಲಿಗೆ ಬಂದು, ಬಸವಣ್ಣನ ಮೇಲೆ ಯಾಕೆ ಮುನಿಸು ಎಂದು ಕೇಳಿದ. ಅವನ ಮೇಲೆ ಯಾವ ಮುನಿಸೂ ಇಲ್ಲ. ಕೇಳಬಾರದ್ದನ್ನು ಕೇಳಿದವಳು ನಾನು, ಅವನೇನು ಮಾಡಿಯಾನು? ಹನುಮವ್ವ ದಿನಾ ರೊಟ್ಟಿ ತಂದಿಡುತ್ತಾಳೆ. ಅರ್ಧ ತಿಂದು ಉಳಿದದ್ದನ್ನು ಅವಳ ಕಣ್ಣು ತಪ್ಪಿಸಿ ದನಕ್ಕೆ ಹಾಕುತ್ತೇನೆ. ಮಲಗಿದರೆ ಬಲಗಡೆಯ ಹೂ ಬೀಳುವುದೇ ಕಾಣುತ್ತದೆ.

ಒಂದೇ ಒಂದು ತಿಳಿಸು. ಒಳಗೆ ಕರೆದುಕೊಂಡು ಹೋಗುವಾಗ ಈಶ್ವರ ಸೂಜಿಯ ಬಗ್ಗೆ ಏನಾದರೂ ಅಂದನೇ? ಅಕ್ಕ ಹೇಳಿದ್ದಾಳೆ ಎಂದು, ಮನಸ್ಸಿಲ್ಲದೆ ಒಪ್ಪಿದನೇ? ಅಂಜಿದ್ದನೇ? ಏನಿದ್ದರೂ ಬರೆ. ನನ್ನ ಮನಸ್ಸು ಕಾಯಲು ಹೋಗಬೇಡ.

ಶಿವಕುಮಾರಿ

ಗೋರೆಗಾಂವ್
22 ಜೂನ್ 2024

ಅಕ್ಕಾ,

ನೀವು ದೀಪ ಹಚ್ಚುವುದಿಲ್ಲ ಎಂದು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಅವರಿಗೆ ಕೊಟ್ಟಿದ್ದು ಸೂಜಿಯ ನಿದ್ದೆ ಅಲ್ಲ. ಗ್ಯಾಸ್.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮ್ಮ ಪತ್ರ ಬಂದ ಮೇಲೆ ನಾವಿಬ್ಬರೂ ಯಕ್ಷಿತಾ ಡಾಕ್ಟರ್ ಹತ್ತಿರ ಹೋಗಿ ಹೂವಿನ ವಿಷಯ ಹೇಳಿದೆವು. ಅವಳು ನಗಲಿಲ್ಲ. ಪೂರ್ತಿ ಕೇಳಿ, "ಕಂಪ್ಯೂಟರ್ ಅದೇ ದಿನ ಬೆಳಿಗ್ಗೆ ಹೇಳುತ್ತೆ ಅಂಕಲ್. ಅದನ್ನ ನಾನು ಚೇಂಜ್ ಮಾಡೋಕಾಗಲ್ಲ, ನಮ್ಮ ಬಡೇ ಸರ್‌ಗೂ ಆಗಲ್ಲ" ಎಂದಳು. ಇಷ್ಟವಿಲ್ಲದಿದ್ದರೆ ಅಧ್ಯಯನ ಬಿಡಬಹುದು, ಅದರಿಂದ ಚಿಕಿತ್ಸೆಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಆಗಲೂ ದೊಡ್ಡ ಡಾಕ್ಟರರು ತಮಗೆ ಸರಿ ಕಂಡದ್ದನ್ನೇ ಕೊಡುತ್ತಾರೆ ಎಂದಳು. ನಿಮ್ಮ ತಮ್ಮ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಮುಂದೆ ಬರುವವರಿಗಾದರೂ ಗೊತ್ತಾಗಲಿ ಎಂದು ಸಹಿ ಹಾಕಿದರು. ಪಕ್ಕದಲ್ಲಿ ಸಾಕ್ಷಿಗೆ ನಾನೂ ಹಾಕಿದೆ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಕೇಳಿದೆ, ಅಕ್ಕನಿಗೆ ಈಗ ಏನು ಬರೆಯುವುದು ಎಂದು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಸೂಜಿ ಅಂತ ಬರಿ. ನನಗ ನಿದ್ದಿ ಬರಸೂದು ಡಾಕ್ಟರ್ ಕೆಲಸ. ಅಕ್ಕಗ ನಿದ್ದಿ ಬರಸೂದು ನಮ್ಮ ಕೆಲಸ." ನನಗೂ ಅದು ಸರಿ ಎನ್ನಿಸಿತು. ಮನೆಗೆ ಬಂದ ಮೇಲೆ ನಕ್ಕೊಂಡೇ ಮಾತು ಬೆಳೆಯಿತು, ಎಲ್ಲ ಮುಗಿದು ಮನೆಗೆ ಬಂದ ಮೇಲೆ ಹೇಳಿದರೆ ನೀವು ಅವರ ಕಿವಿ ಹಿಂಡುತ್ತೀರಿ ಎಂದೂ ಆಡಿಕೊಂಡೆವು.

ಆ ಬೆಳಿಗ್ಗೆ ಅವರು ಸೂಜಿ, ಗ್ಯಾಸ್ ಯಾವುದರ ಮಾತೂ ಎತ್ತಲಿಲ್ಲ. ಅಂಜಿಕೆ ಇತ್ತು, ಇಲ್ಲ ಎಂದು ಹೇಳುವುದಿಲ್ಲ. ಗಾಡಿ ತಳ್ಳುವವನಿಗೆ ಮರಾಠಿಯಲ್ಲಿ ಏನೋ ತಮಾಷೆ ಮಾಡಿದರು. ನನ್ನ ಕೈ ಹಿಡಿದುಕೊಂಡು, "ಹೋಗಿ ಚಾ ಕುಡಿ, ಮುಂಜಾನಿಂದ ಏನೂ ತಿಂದಿಲ್ಲ" ಎಂದರು. ಒಳಗಿನವರು ಬಾಗಿಲು ಹಾಕಿದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.

ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಹುಡುಗಿಯನ್ನು ನಿಲ್ಲಿಸಿ ಕೇಳಿದೆ, ಯಾವುದು ಬಂದಿತ್ತು ಎಂದು. ಅವಳ ಕಣ್ಣೂ ಒದ್ದೆಯಾಗಿತ್ತು. ಗ್ಯಾಸ್ ಎಂದಳು. ಊರಿಗೆ ಬಂದಾಗ ನಿಮಗೆ ಹೇಳಬೇಕೆಂದೇ ಇದ್ದೆ. ನೀವು ಮುಖ ತಿರುಗಿಸಿ ಕೂತಿದ್ದಿರಿ. ಗೊತ್ತಾಗಿಹೋಗಿದೆ, ಅದಕ್ಕೇ ಸಿಟ್ಟು ಎಂದುಕೊಂಡೆ. ನಿಮ್ಮ ಮಾರ್ಚಿನ ಪತ್ರ ಓದಿದಾಗಲೇ ತಪ್ಪು ತಿಳಿದಿದ್ದೇನೆ ಎಂದು ಗೊತ್ತಾದದ್ದು. ಆಗಲೂ ಬರೆಯಲು ಹೆದರಿದೆ. ನಿಮ್ಮನ್ನು ಬಿಟ್ಟರೆ ನನಗೆ ಇನ್ನು ಯಾರಿದ್ದಾರೆ? ಮಕ್ಕಳಿಲ್ಲ, ತವರಿನಲ್ಲಿ ಯಾರೂ ಉಳಿದಿಲ್ಲ.

ನಿಮ್ಮ ಹೂವಿನಿಂದ ಅವರಿಗೆ ಏನೂ ಆಗಿಲ್ಲ ಅಕ್ಕಾ. ಅದು ಆ ಬಾಗಿಲ ತನಕ ಹೋಗಲೇ ಇಲ್ಲ. ದೀಪ ಹಚ್ಚಿರಿ, ಊಟ ಮಾಡಿರಿ.

ನಿಮ್ಮ
ನಾಗರತ್ನಾ

ಇಂಡಿ
1 ಜುಲೈ 2024

ನಾಗರತ್ನಾ,

ಬಸವಣ್ಣ ಸೂಜಿ ಎಂದ. ನೀವು ಗ್ಯಾಸಿಗೆ ಕೊಟ್ಟಿರಿ. ನನಗೆ ತಿಳಿಸಿದ್ದರೆ ಮೊದಲ ಬಸ್ಸಿಗೆ ಬಂದು ಆ ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ಅದು ಗೊತ್ತಿದ್ದೇ ಬರಬೇಡ ಎಂದಿರಿ.

ಈಶ್ವರ ಹುಡುಗಾಟದವನು, ಎಲ್ಲವೂ ನಗೆಯೇ ಅವನಿಗೆ. ನಿನಗೆ ಬುದ್ಧಿ ಎಲ್ಲಿ ಹೋಗಿತ್ತು? ಸಹಿ ಹಾಕಿದ ಕೈ ನಿನ್ನದು. ಸೂಜಿಯೇ ಆಯಿತು ಎಂದು ನನಗೆ ಬರೆದ ಕೈಯೂ ನಿನ್ನದೇ. ಇಷ್ಟು ದಿನ ನನ್ನ ತಮ್ಮನನ್ನು ಕೊಂದವಳು ನಾನು ಎಂದು ನನ್ನನ್ನೇ ತಿಂದುಕೊಂಡೆ. ಕೊಂದವಳು ನೀನು.

ಇನ್ನು ಬರೆಯಬೇಡ.

ಗೋರೆಗಾಂವ್
30 ಮಾರ್ಚ್ 2025

ಅಕ್ಕನವರಿಗೆ ಶರಣು.

ಇವತ್ತು ಯುಗಾದಿ. ಹತ್ತಿರದಲ್ಲಿ ಬೇವು ಸಿಗಲಿಲ್ಲ, ದಾದರ್ ಮಾರ್ಕೆಟ್ಟಿಗೆ ಹೋಗಿ ತಂದೆ. ಇಷ್ಟೇ ತಿಳಿಸಬೇಕಿತ್ತು. ಉತ್ತರ ಬರೆಯಬೇಕೆಂದಿಲ್ಲ.

ನಾಗರತ್ನಾ

ಗೋರೆಗಾಂವ್
14 ಸೆಪ್ಟೆಂಬರ್ 2025

ಅಕ್ಕನವರಿಗೆ ಶರಣು.

ಬರೆಯಬೇಡ ಎಂದಿದ್ದಿರಿ. ಯುಗಾದಿಯ ಪತ್ರಕ್ಕೆ ಉತ್ತರ ಬರಲಿಲ್ಲ, ಬರುತ್ತದೆ ಎಂದು ಕಾದದ್ದು ಸುಳ್ಳಲ್ಲ. ಇವತ್ತು ನನ್ನ ಮಾತು ಹೇಳಲು ಬರೆಯುತ್ತಿಲ್ಲ. ನಿಮ್ಮ ತಮ್ಮ ಸೇರಿದ್ದ ಆ ಅಧ್ಯಯನ ಮುಗಿದಿದೆ. ಅದರ ಫಲ ನಿಮಗೂ ತಿಳಿಯಬೇಕು.

ಹೋದ ವಾರ ಯಕ್ಷಿತಾ ಡಾಕ್ಟರ್ ಫೋನ್ ಮಾಡಿ ಕರೆದಳು. ಆ ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತಬಾರದು ಎಂದುಕೊಂಡಿದ್ದೆ. ಹತ್ತಿದೆ. ಕ್ಯಾಂಟೀನಿನಲ್ಲಿ ಕೂರಿಸಿ ಚಹಾ ತರಿಸಿದಳು. ಎಷ್ಟೋ ಊರುಗಳ ಆಸ್ಪತ್ರೆಗಳು ಸೇರಿ ಮಾಡಿದ್ದಂತೆ. ಅರ್ಧ ಜನಕ್ಕೆ ಸೂಜಿ, ಅರ್ಧ ಜನಕ್ಕೆ ಗ್ಯಾಸ್. ಒಂದು ವರ್ಷದವರೆಗೆ ಎಲ್ಲರನ್ನೂ ವಿಚಾರಿಸಿದ್ದಾರೆ. "ಡಿಫರೆನ್ಸ್ ಇಲ್ಲ ಆಂಟಿ" ಎಂದಳು. ಈ ಕಡೆ ಎಷ್ಟು ಜನ ಬದುಕಿದರೋ ಆ ಕಡೆಯೂ ಹೆಚ್ಚುಕಡಿಮೆ ಅಷ್ಟೇ. ಹೋದವರೂ ಅಷ್ಟೇ.

ನಾನು ಬಿಡಲಿಲ್ಲ. ಹೂ ಹೇಳಿದ ಹಾಗೆ ಸೂಜಿಯೇ ಕೊಟ್ಟಿದ್ದರೆ ಅವರು ಉಳಿಯುತ್ತಿದ್ದರೇ ಎಂದು ಕೇಳಿದೆ. ಹೌದು, ಇಲ್ಲ ಎರಡರಲ್ಲಿ ಒಂದು ಹೇಳಬೇಕು ಎಂದೆ. ಅವಳು ಚಹಾದ ಲೋಟ ಬದಿಗೆ ಸರಿಸಿದಳು. "ಒಬ್ಬರ ಬಗ್ಗೆ ಯಾರೂ ಹಾಗೆ ಹೇಳೋಕಾಗಲ್ಲ ಆಂಟಿ. ಅಂಕಲ್ ಹಾರ್ಟ್ ತುಂಬಾ ವೀಕ್ ಇತ್ತು. ನಾವು ಟ್ರೈ ಮಾಡಿದ್ವಿ, ಆಗಲಿಲ್ಲ." ಸುಳ್ಳು ಹೇಳಿ ನನ್ನನ್ನು ಕಳಿಸುವುದು ಅವಳಿಗೆ ಸುಲಭವಿತ್ತು. ಹೇಳಲಿಲ್ಲ.

ಇನ್ನೊಂದು ಗೊತ್ತಾಯಿತು. ಗ್ಯಾಸಿನವರಿಗೂ ಮೊದಲ ನಿದ್ದೆ ಬರಿಸುವುದು ಸೂಜಿಯಿಂದಲೇ ಅಂತೆ. ಗ್ಯಾಸ್ ಶುರುವಾಗುವುದು ಅವರು ಪೂರ್ತಿ ನಿದ್ದೆಹೋದ ಮೇಲೆ. ಇದನ್ನು ಆ ದಿನವೇ ಹೇಳಿದ್ದಳಂತೆ, ನಮ್ಮ ತಲೆಗೆ ಹೋಗಿರಲಿಲ್ಲ. ನಾವು ಮೂವರೂ ಸೂಜಿಯೋ ಗ್ಯಾಸೋ ಎಂದು ಅಷ್ಟು ಗುದ್ದಾಡಿದೆವು. ನಿಮ್ಮ ತಮ್ಮನಿಗೆ ತಿಳಿದದ್ದು ಕೈಗೆ ಚುಚ್ಚಿದ ಒಂದು ಸೂಜಿ ಮಾತ್ರ. ಆಮೇಲಿನದು ಯಾವುದೂ ಅವರಿಗೆ ಗೊತ್ತಿಲ್ಲ.

ಕೆಳಗಿಳಿದು ದಾದರ್ ಸ್ಟೇಷನ್ನಿಗೆ ಬಂದೆ. ಗೋರೆಗಾಂವ್ ಗಾಡಿಗಳು ಒಂದರ ಹಿಂದೆ ಒಂದು ಬಂದವು, ಹತ್ತಲಿಲ್ಲ. ಹಗುರವಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು ಅಕ್ಕಾ. ಇಷ್ಟು ಜನರನ್ನು ಮಲಗಿಸಿ, ಇಷ್ಟು ಎಣಿಸಿ, ಕೊನೆಗೆ ಏನೂ ವ್ಯತ್ಯಾಸವಿಲ್ಲ ಎನ್ನುತ್ತಾರೆ. ಮುಂದೆ ಬರುವವರಿಗೆ ಗೊತ್ತಾಗಲಿ ಎಂದು ನಿಮ್ಮ ತಮ್ಮ ಸಹಿ ಹಾಕಿದ್ದು ಇದಕ್ಕೇ. ಎರಡೂ ಒಂದೇ, ಹೆದರಬೇಡಿ ಎಂದು ಡಾಕ್ಟರರು ಇನ್ನು ಮುಂದೆ ಯಾರದೋ ಮನೆಯವರಿಗೆ ಧೈರ್ಯವಾಗಿ ಹೇಳುತ್ತಾರಂತೆ.

ನನ್ನನ್ನು ಕ್ಷಮಿಸಿ ಎಂದು ಇದನ್ನು ಬರೆಯುತ್ತಿಲ್ಲ. ಆದರೆ ನೀವು ನಿಮ್ಮನ್ನು ಬೈದುಕೊಳ್ಳುವುದು ಬೇಡ.

ನಾಗರತ್ನಾ

ಇಂಡಿ
5 ಅಕ್ಟೋಬರ್ 2025

ನಾಗರತ್ನಾ,

ನಿನ್ನ ಪತ್ರ ಬಂದಾಗ ಒಡೆಯಬಾರದು ಎಂದುಕೊಂಡೆ. ಸಂಜೆಯವರೆಗೆ ಜೋಳದ ಡಬ್ಬಿಯ ಮೇಲಿತ್ತು. ಆಮೇಲೆ ಒಡೆದೆ.

ಮೊದಲು ನಂಬಲಿಲ್ಲ. ಡಾಕ್ಟರರೆಲ್ಲ ಒಂದಾಗಿ ಹೇಳುತ್ತಿದ್ದಾರೆ ಎನ್ನಿಸಿತು. ಆದರೆ ಮೊದಲ ದಿನ ಗೊತ್ತಿಲ್ಲ ಎಂದಿದ್ದ ಹುಡುಗಿ ಅವಳು, ಕೊನೆಯ ದಿನ ಸುಳ್ಳು ಯಾಕೆ ಹೇಳುತ್ತಾಳೆ? ಈಶ್ವರನಿಗೆ ಮನುಷ್ಯರನ್ನು ಅಳೆಯುವ ಪಾರಖಿ ಇತ್ತು. ನನಗಿಂತ ಚೆನ್ನಾಗಿತ್ತು.

ನಿನ್ನ ಯುಗಾದಿಯ ಕಾಗದವೂ ಬಂದಿತ್ತು. ಉತ್ತರ ಬರೆದೆ, ಹರಿದೆ, ಮತ್ತೆ ಬರೆದೆ. ಸಿಟ್ಟು ಆಗಲೇ ಇಳಿದಿತ್ತು. ಆದರೆ ನಿನ್ನನ್ನು ಬೈಯುವುದನ್ನು ಬಿಟ್ಟರೆ ಮತ್ತೆ ನನ್ನನ್ನು ಬೈದುಕೊಳ್ಳಬೇಕಾಗುತ್ತಿತ್ತು, ಅದಕ್ಕೇ ಕಳಿಸಲಿಲ್ಲ. ಎರಡರಲ್ಲಿ ಒಂದು ಇದ್ದರೆ ದಿನ ಹೋಗುತ್ತಿತ್ತು. ಬೆಳಿಗ್ಗೆ ಎದ್ದು ಸೂಜಿ ಎನ್ನುವುದು, ಇಲ್ಲ ಗ್ಯಾಸ್ ಎನ್ನುವುದು, ಯಾರ ತಪ್ಪು ಎಂದು ವಿಚಾರಣೆ ನಡೆಸುವುದು. ಈಗ ನೀನು ಎರಡನ್ನೂ ಕಿತ್ತುಕೊಂಡೆ. ಇನ್ನು ಯಾರನ್ನು ಬೈಯಲಿ?

ನಾನು ಕೊಂದೆ ಎಂದಿದ್ದೆ. ನೀನು ಕೊಂದೆ ಎಂದೂ ಬರೆದೆ. ಈಶ್ವರ ಹೋದ ಎಂದು ಮಾತ್ರ ಈ ಒಂದೂವರೆ ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ. ನಿನ್ನೆ ಮಧ್ಯಾಹ್ನ ರೊಟ್ಟಿಯ ಹಿಟ್ಟು ನಾದುತ್ತಾ ಕೂತಿದ್ದೆ. ಅವನಿಗೆ ಸೇರುತ್ತದೆ ಎಂದು ಎರಡು ರೊಟ್ಟಿ ಕಡಕ್ ಮಾಡಲು ಕೈ ಹೋಯಿತು. ಅಲ್ಲೇ ಅಂದೆ, ಈಶ್ವರ ಹೋದ ಎಂದು. ಅತ್ತದ್ದು ನನಗೆ ಗೊತ್ತಾಗಲಿಲ್ಲ. ಹನುಮವ್ವ ಮೊಸರಿನ ಕೈಯಲ್ಲೇ ಓಡಿಬಂದಳು, ಹಿಂದೆ ಇನ್ನಿಬ್ಬರು ಬಂದರು. ಜೋರಾಗಿಯೇ ಅತ್ತಿರಬೇಕು. ಮಣ್ಣು ಕೊಟ್ಟ ದಿನವೂ ಅಳದವಳು ಈಗ ಯಾಕೆ ಎಂದು ಅವರಿಗೆಲ್ಲ ಆಶ್ಚರ್ಯ.

ಬರೆಯಬೇಡ ಎಂದ ಆ ಪತ್ರದಲ್ಲಿ ನಿನಗೆ ಬರೆದ ಮಾತು ಬರೆಯಬಾರದಾಗಿತ್ತು. ಅದನ್ನು ಹರಿದುಹಾಕು.

ಇವತ್ತು ಕೂತು ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಒಂದು ಗಮನಕ್ಕೆ ಬಂತು. ಎಲ್ಲದರಲ್ಲೂ ನನ್ನ ಊಟ ಇದೆ, ನನ್ನ ದೀಪ, ನನ್ನ ತಲೆಯ ಮೇಲಿನ ಸೆರಗು ಇದೆ. ನಿನ್ನ ಗಂಡ ಹೋದದ್ದು ನಿನಗೆ ಹೇಗಾಯಿತು ಎಂದು ನೀನು ಎಲ್ಲಿಯೂ ಬರೆದಿಲ್ಲ. ನಾನೂ ಕೇಳಲಿಲ್ಲ. ನನ್ನನ್ನು ಸಂಭಾಳಿಸುವುದರಲ್ಲೇ ನಿನ್ನ ದಿನಗಳು ಕಳೆದವು. ಆ ಗೋಡೆಗೆ ಒರಗಿ ಕೂತಾಗಲೂ ನೀನು ನನ್ನ ಬೆನ್ನನ್ನೇ ನೋಡುತ್ತಿದ್ದೆ ಎಂದು ಈಗ ಅನ್ನಿಸುತ್ತಿದೆ. ನೀನು ಇನ್ನೂ ಅತ್ತಿಲ್ಲ, ನಾಗರತ್ನಾ.

ದೀಪಾವಳಿಗೆ ಆಫೀಸಿನವರು ರಜೆ ಕೊಡುತ್ತಾರಲ್ಲ. ಮನೆಗೆ ಬಾ. ಏನೂ ತರಬೇಡ. ಇಲ್ಲಿ ಬಂದು ಅಳು.

ನಿನ್ನ ಅಕ್ಕ
ಶಿವಕುಮಾರಿ